ಜರ್ಮನಿ ಬಗ್ಗೆ ನಮ್ಮ ಸೋದರಮಾವ ಹೇಳಿದ್ದರಲ್ಲಿ ಎಷ್ಟು ನಿಜ, ಎಷ್ಟು ಬುರುಡೆ?

ದಾವಣಗೆರೆ_ಬೆಣ್ಣೆ

ಎಲ್ಲರಿಗೂ ನಮಸ್ಕಾರ. ಬರುವ ಅಕ್ಟೋಬರ್‌ಗೆ ಎಂ.ಎಸ್. ಮಾಡಲು ಜರ್ಮನಿಗೆ ಹೊರಟಿದ್ದೇನೆ, ಡ್ರೆಸ್ಡನ್‌ನಲ್ಲಿ ಸೀಟು ಸಿಕ್ಕಿದೆ. ಮೊನ್ನೆ ಮನೆಯಲ್ಲಿ ಸತ್ಯನಾರಾಯಣ ಪೂಜೆ ಇತ್ತು. ಊಟ ಆದ ಮೇಲೆ ಎಲೆ ಅಡಿಕೆ ಹಾಕಿಕೊಂಡು ಕೂತಾಗ ನಮ್ಮ ಸೋದರಮಾವ ಜರ್ಮನಿಯ ಮೇಲೆ ಒಂದು ಗಂಟೆ ಕೊರೆದರು. ಮಾವ ದೇಶ ಬಿಟ್ಟು ಒಂದು ಸಲವೂ ಹೋದವರಲ್ಲ, ಆದರೆ ವಾಟ್ಸಾಪ್‌ನಲ್ಲಿ ಅವರು ನೋಡದ ದೇಶ ಇಲ್ಲ.

ಅವರು ಹೇಳಿದ್ದು ಇದು. ಲುಫ್ತಾನ್ಸಾ ಅನ್ನೋ ಜರ್ಮನ್ ವಿಮಾನ ಕಂಪನಿಯ ಹೆಸರು ಸಂಸ್ಕೃತದ 'ಲುಪ್ತ ಹಂಸ', ಅದಕ್ಕೇ ವಿಮಾನದ ಬಾಲದ ಮೇಲೆ ಹಕ್ಕಿ ಇರೋದು. ಅಲ್ಲಿನ ಹೆದ್ದಾರಿಗೆ ಸ್ಪೀಡ್ ಲಿಮಿಟ್ಟೇ ಇಲ್ಲ, ಅದನ್ನು ಕಂಡುಹಿಡಿದದ್ದು ಹಿಟ್ಲರ್. ಹಿಟ್ಲರ್‌ನನ್ನು ಜನ ಬಹುಮತ ಕೊಟ್ಟೇ ಗೆಲ್ಲಿಸಿದ್ದು, ನಮ್ಮ ಸ್ವಾತಂತ್ರ್ಯಕ್ಕೂ ಅವನು ಸಹಾಯ ಮಾಡಿದ್ದ. ಬರ್ಲಿನ್ ಗೋಡೆ ದೇಶವನ್ನು ಮೇಲಿಂದ ಕೆಳಕ್ಕೆ ಎರಡು ಹೋಳು ಮಾಡಿತ್ತು. ರೈಲು ಒಂದು ನಿಮಿಷವೂ ತಡ ಆಗಲ್ಲ. ಓದು ಫ್ರೀ, ಆಸ್ಪತ್ರೆ ಫ್ರೀ. ರಾತ್ರಿ ಹತ್ತರ ಮೇಲೆ ಟಾಯ್ಲೆಟ್ ಫ್ಲಶ್ ಒತ್ತಿದರೆ ಪೊಲೀಸರು ಬರ್ತಾರೆ. ಅಲ್ಲಿ ಮಗು ಹುಟ್ಟಿದರೆ ಜರ್ಮನ್ ಪಾಸ್‌ಪೋರ್ಟ್ ಗ್ಯಾರಂಟಿ. ಈ ಕೊನೆಯದು ನನಗಲ್ಲ, ಗಂಡನ ಜೊತೆ ಹೋದ ವರ್ಷ ಮ್ಯೂನಿಕ್‌ಗೆ ಹೋದ ನಮ್ಮ ಅಕ್ಕನಿಗೆ ಹೇಳಿದ್ದು.

ಇದೆಲ್ಲ ಕೇಳಿ ಸುಮ್ನೆ ನಕ್ಕುಬಿಡಬಹುದಿತ್ತು. ಆದರೆ ಒಂದು ವಿಷಯಕ್ಕೆ ಮನೆಯಲ್ಲಿ ರಂಪ ಆಗಿದೆ. ಅಮ್ಮ ನನ್ನ ಸೂಟ್‌ಕೇಸಿಗೆ ಇಡಲು ಸ್ವಸ್ತಿಕ ಕೊರೆದ ಒಂದು ಪುಟ್ಟ ಹಿತ್ತಾಳೆ ಪೀಠ, ಅದರ ಮೇಲೊಂದು ಗಣಪ ತಂದಿದ್ದರು. ಅದು ಕಂಡರೆ ಏರ್‌ಪೋರ್ಟಿನಲ್ಲೇ ಒಳಗೆ ಹಾಕ್ತಾರೆ ಅಂತ ಮಾವ ಹೆದರಿಸಿದ್ದಾರೆ. ಅಮ್ಮ ಈಗ ಪೀಠವನ್ನು ದಿನಕ್ಕೆರಡು ಸಲ ಸೂಟ್‌ಕೇಸಿಂದ ತೆಗೆಯುತ್ತಾರೆ, ಮತ್ತೆ ಇಡುತ್ತಾರೆ. ಅಲ್ಲಿರುವವರು ದಯವಿಟ್ಟು ಹೇಳಿ, ಯಾವುದು ನಿಜ?


ಸ್ಟುಟ್‌ಗಾರ್ಟ್_ಸೀನ

ತಮ್ಮಾ, ನಿಮ್ಮ ಮಾವ ಮತ್ತು ನಮ್ಮ ದೊಡ್ಡಪ್ಪ ಒಂದೇ ಗ್ರೂಪಿನಲ್ಲಿ ಇದ್ದಾರೆ ಅನ್ನಿಸುತ್ತೆ. ನಾನು ಇಲ್ಲಿಗೆ ಬಂದು ಒಂಬತ್ತು ವರ್ಷ. ದಿನನಿತ್ಯದ್ದು ನಾನು ಹೇಳ್ತೀನಿ, ಇತಿಹಾಸ ಗೊತ್ತಿರುವವರು ಬರಲಿ.

ಸ್ಪೀಡ್ ಲಿಮಿಟ್ ವಿಷಯ ಅರ್ಧ ನಿಜ. ಆಟೋಬಾನ್ ಅಂದರೆ ಇಲ್ಲಿನ ಹೆದ್ದಾರಿ, ಅದರ ಸುಮಾರು 70 ಶೇಕಡಾ ಉದ್ದಕ್ಕೆ ಖಾಯಂ ಮಿತಿ ಇಲ್ಲ. ಉಳಿದ ಕಡೆ 120, 100, ಕೆಲಸ ನಡೆಯುವಲ್ಲಿ 80, 60, ಎಲ್ಲ ಇದೆ, ಕ್ಯಾಮೆರಾನೂ ಇದೆ. ಲಾರಿಗೆ ಎಲ್ಲಿ ಹೋದರೂ 80 ಅಷ್ಟೇ. ಮಿತಿ ಇಲ್ಲದ ಕಡೆಯೂ '130ರಲ್ಲಿ ಹೋಗಿ' ಅಂತ ಸರ್ಕಾರದ ಸಲಹೆ ಇದೆ. ಸಲಹೆ ತಾನೇ, ಯಾರು ಕೇಳ್ತಾರೆ ಅಂತ ನಾನೂ ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯ್ತು, 130 ದಾಟಿ ಹೋಗುವಾಗ ಅಪಘಾತ ಆದರೆ ತಪ್ಪು ಎದುರಿನವನದ್ದೇ ಆಗಿದ್ದರೂ ಒಂದು ಪಾಲು ಹೊಣೆ ನಮ್ಮ ತಲೆಗೆ ಬರಬಹುದು, 1992ರಲ್ಲಿ ಇಲ್ಲಿನ ಸರ್ವೋಚ್ಚ ನ್ಯಾಯಾಲಯ ಹಾಗೆ ತೀರ್ಪು ಕೊಟ್ಟಿದೆ. ಇನ್ನೊಂದು, ಆಟೋಬಾನ್‌ನಲ್ಲಿ ಕಾರಣ ಇಲ್ಲದೆ ಗಾಡಿ ನಿಲ್ಲಿಸುವ ಹಾಗಿಲ್ಲ. ಪೆಟ್ರೋಲ್ ಮುಗೀತು ಅನ್ನೋದು ಇವರ ಲೆಕ್ಕದಲ್ಲಿ ಕಾರಣವೇ ಅಲ್ಲ, ನೋಡಿಕೊಂಡು ಹೊರಡಬೇಕಿತ್ತು ಅಂತಾರೆ.

ರೈಲು. ಹ್ಹಹ್ಹ. ಮಾವನಿಗೆ ಹೇಳಿ, ದೂರದ ರೈಲುಗಳಲ್ಲಿ 2024ರಲ್ಲಿ ಸಮಯಕ್ಕೆ ಬಂದದ್ದು 62.5 ಶೇಕಡಾ. ಅದೂ 'ಸಮಯಕ್ಕೆ' ಅಂದರೆ ಆರು ನಿಮಿಷದ ಒಳಗೆ ತಡ ಆದರೂ ಲೆಕ್ಕ. ರದ್ದಾದ ರೈಲು ಈ ಲೆಕ್ಕಕ್ಕೇ ಬರಲ್ಲ, ಬರದೇ ಇರುವ ರೈಲು ತಡವಾಗಿ ಬಂತು ಅನ್ನಲು ಆಗಲ್ಲವಲ್ಲ. ಒಂದು ಗಂಟೆ ತಡವಾದರೆ ಟಿಕೆಟ್ ದುಡ್ಡಿನ ಕಾಲು ಭಾಗ, ಎರಡು ಗಂಟೆ ಆದರೆ ಅರ್ಧ ವಾಪಸ್ ಸಿಗುತ್ತೆ, ಕೇಳಿ ತಗೋಬೇಕು. ನಮ್ಮ ಕಡೆಯಿಂದ ಬಂದವರು ರೈಲು ಬದಲಿಸಲು ಏಳು ನಿಮಿಷ ಇಟ್ಟುಕೊಂಡು ಟಿಕೆಟ್ ಮಾಡ್ತಾರೆ, ಜರ್ಮನಿ ತಾನೇ ಅಂತ. ಮಾಡಬೇಡಿ.

ಫ್ಲಶ್ ಧಾರಾಳವಾಗಿ ಒತ್ತಿ, ಯಾರೂ ಬರಲ್ಲ. ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಸದ್ದು ಮಾಡಬಾರದು ಅನ್ನೋದು ನಿಜ, ಆದರೆ ಮನುಷ್ಯ ಬದುಕಲು ಬೇಕಾದ ಸದ್ದು ಅದರಲ್ಲಿ ಬರಲ್ಲ. ಏನು ಬರುತ್ತೆ ಅಂದ್ರೆ ಮಿಕ್ಸಿ. ನಾನು ಬಂದ ಮೊದಲ ತಿಂಗಳು ರಾತ್ರಿ ಹನ್ನೊಂದಕ್ಕೆ ದೋಸೆಗೆ ರುಬ್ಬಲು ಹೋಗಿ ಕೆಳಗಿನ ಮನೆ ಅಜ್ಜಿ ಕಸಪೊರಕೆ ಹಿಡಿಯಿಂದ ಸೀಲಿಂಗ್ ಕುಟ್ಟಿದರು. ಮಾರನೇ ದಿನ ದೋಸೆ ತಗೊಂಡು ಹೋಗಿ ಕೊಟ್ಟೆ. ಈಗ ಅವರೇ ಕೇಳ್ತಾರೆ, ಆದರೆ ರುಬ್ಬೋದು ಸಂಜೆ ಏಳಕ್ಕೆ ಮುಗಿಸು ಅಂತಾರೆ.

ಭಾನುವಾರ ಅಂಗಡಿ ಮುಚ್ಚಿರುತ್ತೆ, ಇದು ನಿಮ್ಮ ಮಾವ ಹೇಳದೇ ಬಿಟ್ಟ ನಿಜ. ಬರೀ ಅಭ್ಯಾಸ ಅಂದುಕೊಳ್ಳಬೇಡಿ. ಭಾನುವಾರ ಬಿಡುವಿನ ದಿನ ಅಂತ 1919ರ ವೈಮಾರ್ ಸಂವಿಧಾನದಲ್ಲಿ ಬರೆದಿದ್ದ ಸಾಲನ್ನು ಈಗಿನ ಸಂವಿಧಾನಕ್ಕೂ ಹಾಗೇ ಸೇರಿಸಿಕೊಂಡಿದ್ದಾರೆ. ಹೋಟೆಲ್, ಪೆಟ್ರೋಲ್ ಬಂಕ್, ದೊಡ್ಡ ಸ್ಟೇಷನ್ ಒಳಗಿನ ಅಂಗಡಿ, ಬೆಳಗ್ಗೆ ಸ್ವಲ್ಪ ಹೊತ್ತು ಬೇಕರಿ, ಇವು ತೆರೆದಿರುತ್ತವೆ. ನೀವು ಶನಿವಾರ ಸಂಜೆ ಇಳಿಯುವ ಹಾಗಿದ್ದರೆ ಎರಡು ದಿನಕ್ಕೆ ಆಗುವಷ್ಟು ಚಟ್ನಿಪುಡಿ, ಅವಲಕ್ಕಿ ಬ್ಯಾಗಲ್ಲಿ ಇರಲಿ.

ಸ್ವಸ್ತಿಕಕ್ಕೆ ಏನೂ ತೊಂದರೆ ಇಲ್ಲ, ನಾಜಿಗಳದ್ದು ಓರೆ, ನಮ್ಮದು ನೆಟ್ಟಗೆ. ಧೈರ್ಯವಾಗಿ ತನ್ನಿ.


ಹಳೇ_ಮೇಷ್ಟ್ರು_ಧಾರವಾಡ

ನಾನು ಜರ್ಮನಿ ನೋಡಿಲ್ಲ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಹೇಳಿದವನು. ಹಿಟ್ಲರ್‌ಗೆ ಬಹುಮತ ಸಿಕ್ಕಿತ್ತು ಅನ್ನೋದನ್ನು ಪ್ರತಿ ವರ್ಷ ಕ್ಲಾಸಿನಲ್ಲಿ ಯಾರಾದರೂ ಹೇಳುತ್ತಿದ್ದರು, ಹಾಗಾಗಿ ಅಂಕಿ ಸಮೇತ ಬಾಯಿಗೆ ಬಂದುಬಿಟ್ಟಿದೆ.

1932ರ ಜುಲೈ ಚುನಾವಣೆಯಲ್ಲಿ ನಾಜಿ ಪಕ್ಷಕ್ಕೆ 37.3 ಶೇಕಡಾ ಮತ. ನವೆಂಬರ್‌ನಲ್ಲಿ ಮತ್ತೆ ಚುನಾವಣೆ ಆಯಿತು, ಆಗ 33.1ಕ್ಕೆ ಇಳಿಯಿತು. ಗಮನಿಸಿ, ಏರಲಿಲ್ಲ, ಇಳಿಯಿತು. ಅದೇ ವರ್ಷ ಅಧ್ಯಕ್ಷ ಚುನಾವಣೆಗೆ ನಿಂತು ಮುದುಕ ಹಿಂಡೆನ್‌ಬರ್ಗ್ ಎದುರು ಹಿಟ್ಲರ್ ಸೋತಿದ್ದ, 53ಕ್ಕೆ 36.8. ಹೀಗೆ ಸೋತವನನ್ನು 1933ರ ಜನವರಿ 30ರಂದು ಅದೇ ಹಿಂಡೆನ್‌ಬರ್ಗ್ ಕರೆದು ಚಾನ್ಸಲರ್, ಅಂದರೆ ನಮ್ಮ ಪ್ರಧಾನಿ ಇದ್ದ ಹಾಗೆ, ಮಾಡಿದರು. ಸುತ್ತ ಇದ್ದ ದೊಡ್ಡ ಮನುಷ್ಯರು 'ಇವನನ್ನು ನಾವು ಹದ್ದುಬಸ್ತಿನಲ್ಲಿ ಇಟ್ಟುಕೊಳ್ಳುತ್ತೇವೆ' ಅಂದುಕೊಂಡಿದ್ದರು. ಫೆಬ್ರವರಿ 27ಕ್ಕೆ ಸಂಸತ್ ಭವನಕ್ಕೆ ಬೆಂಕಿ ಬಿತ್ತು, ಮಾರನೇ ದಿನವೇ ನಾಗರಿಕ ಹಕ್ಕುಗಳು ಹೋದವು, ವಿರೋಧ ಪಕ್ಷದವರು ಜೈಲಿಗೆ. ಬೀದಿಯಲ್ಲಿ ನಾಜಿ ಪಕ್ಷದ ಕಂದು ಅಂಗಿ ಪಡೆಯವರ ದೊಣ್ಣೆ. ಇಷ್ಟೆಲ್ಲ ಆದ ಮೇಲೆ ಮಾರ್ಚ್ 5ಕ್ಕೆ ನಡೆಸಿದ ಚುನಾವಣೆಯಲ್ಲೂ ಸಿಕ್ಕಿದ್ದು 43.9. ಅರ್ಧ ದಾಟಲಿಲ್ಲ, ಇನ್ನೊಂದು ಪಕ್ಷದ ಹೆಗಲು ಬೇಕಾಯಿತು. ಮಾರ್ಚ್ 23ಕ್ಕೆ ಸಂಸತ್ತಿನ ಅಧಿಕಾರವನ್ನೇ ಅವನ ಕೈಗೆ ಬರೆದುಕೊಡುವ ಕಾನೂನು ಬಂತು. ಕಮ್ಯುನಿಸ್ಟ್ ಸದಸ್ಯರು ಒಳಗೆ ಬರುವ ಹಾಗೇ ಇರಲಿಲ್ಲ. ಬೇಡ ಅಂದವರು ಸೋಶಿಯಲ್ ಡೆಮಾಕ್ರಟರು ಮಾತ್ರ, 94 ಮತ.

ಆದರೂ ಒಂದು ಮಾತು. 'ಬಹುಮತ ಇರಲಿಲ್ಲ' ಅಂದ ಕೂಡಲೇ ಜನರದ್ದೇನೂ ತಪ್ಪಿಲ್ಲ ಅಂತ ಕೆಲವರು ಹೊರಡುತ್ತಾರೆ. ಮೂರರಲ್ಲೊಬ್ಬ ಮತ ಹಾಕಿದ್ದು ಸಣ್ಣದಲ್ಲ.

ಹೆದ್ದಾರಿ ಹಿಟ್ಲರ್‌ನ ಐಡಿಯಾ ಅನ್ನೋದು ಅವನ ಪ್ರಚಾರದವರೇ ಹಬ್ಬಿಸಿದ ಕಥೆ. ಕಲೋನ್‌ನಿಂದ ಬಾನ್‌ಗೆ ಹೋಗುವ ಅಂಥ ರಸ್ತೆಯನ್ನು 1932ರ ಆಗಸ್ಟ್ 6ರಂದು ಉದ್ಘಾಟನೆ ಮಾಡಿದ್ದು ಆಗ ಕಲೋನ್ ಮೇಯರ್ ಆಗಿದ್ದ ಕೊನ್‌ರಾಡ್ ಆಡೆನಾವರ್. ಅದೇ ಆಡೆನಾವರ್ 1949ರಲ್ಲಿ ಪಶ್ಚಿಮ ಜರ್ಮನಿಯ ಮೊದಲ ಚಾನ್ಸಲರ್ ಆದರು. ನಾಜಿಗಳು ಬಂದ ಮೇಲೆ ಆ ರಸ್ತೆಯನ್ನು ದಾಖಲೆಯಲ್ಲಿ ಮಾಮೂಲಿ ರಸ್ತೆ ಅಂತ ಕೆಳಗಿಳಿಸಿದರು, ತಮ್ಮದೇ ಮೊದಲು ಅನ್ನಿಸಿಕೊಳ್ಳಬೇಕಲ್ಲ. ಇನ್ನು ಹೆದ್ದಾರಿಯಿಂದ ನಿರುದ್ಯೋಗ ಹೋಯಿತು ಅಂತಲೂ ಹೇಳುತ್ತಾರೆ. 1933ರ ಆರಂಭದಲ್ಲಿ ಕೆಲಸ ಇಲ್ಲದವರು 60 ಲಕ್ಷ. ಹೆದ್ದಾರಿ ಕೆಲಸಕ್ಕೆ ಅತಿ ಜಾಸ್ತಿ ಜನ ಇದ್ದಾಗಲೂ ಸುಮಾರು ಒಂದೂಕಾಲು ಲಕ್ಷ. ನೀವೇ ಲೆಕ್ಕ ಹಾಕಿ.

ಗೋಡೆ ವಿಷಯಕ್ಕೆ ನಕ್ಷೆ ತೆಗೆದು ನೋಡಿದರೆ ಸಾಕು. ಬರ್ಲಿನ್ ಇರೋದೇ ಆಗಿನ ಪೂರ್ವ ಜರ್ಮನಿಯ ಹೊಟ್ಟೆಯೊಳಗೆ. ಊರಿನ ಪಶ್ಚಿಮ ಭಾಗ ಮಾತ್ರ ಅಮೆರಿಕ, ಬ್ರಿಟನ್, ಫ್ರಾನ್ಸ್ ಕೈಯಲ್ಲಿತ್ತು. 1961ರ ಆಗಸ್ಟ್ 13ಕ್ಕೆ ಶುರುವಾದ ಗೋಡೆ ಪಶ್ಚಿಮ ಬರ್ಲಿನ್ ಸುತ್ತ ಬಳೆ ಹಾಗೆ ನಿಂತಿತು, ಒಟ್ಟು ಸುಮಾರು 155 ಕಿಲೋಮೀಟರ್. ಊರನ್ನು ನಟ್ಟನಡುವೆ ಸೀಳಿದ್ದು ಅದರಲ್ಲಿ 43 ಕಿಲೋಮೀಟರ್ ಮಾತ್ರ. ವಿಚಿತ್ರ ಏನೆಂದರೆ ಗೋಡೆಯ ಬಳೆಯೊಳಗೆ ಇದ್ದವರೇ ಓಡಾಡಲು ಸ್ವತಂತ್ರರು, ಹೊರಗಿದ್ದವರು ಬಂಧಿಗಳು. ದೇಶವನ್ನು ಮೇಲಿಂದ ಕೆಳಕ್ಕೆ ಹೋಳು ಮಾಡಿದ್ದು ಬೇರೆಯೇ ಗಡಿ, ಸುಮಾರು 1,400 ಕಿಲೋಮೀಟರ್ ಬೇಲಿ ಮತ್ತು ಕಾವಲು. ಅದನ್ನು 1952ರಲ್ಲೇ ಮುಚ್ಚಿದ್ದರು.


ನೇರ_ನುಡಿ

ಮೇಷ್ಟ್ರೇ, ಎಲ್ಲ ಸರಿ, ಆದರೆ ಸುಭಾಷ್ ಬಾಬುಗೆ ಸಬ್‌ಮೆರೀನ್ ಕೊಟ್ಟು ಕಳಿಸಿದ್ದು ಯಾರು? ರೇಡಿಯೋ ಕೊಟ್ಟಿದ್ದು ಯಾರು? ಬ್ರಿಟಿಷರ ಮೇಲೆ ಯುದ್ಧ ಮಾಡಿದವನು ನಮಗೆ ಒಳ್ಳೆಯದೇ ಮಾಡಿದ ಅಲ್ವಾ? ಇದನ್ನೂ ಬುರುಡೆ ಅಂದರೆ ಹೇಗೆ?


ಹಳೇ_ಮೇಷ್ಟ್ರು_ಧಾರವಾಡ

ಸಬ್‌ಮೆರೀನ್ ಕೊಟ್ಟಿದ್ದು ನಿಜ, ರೇಡಿಯೋನೂ ನಿಜ. ಬೋಸರು 1941ರ ಏಪ್ರಿಲ್‌ನಲ್ಲಿ ಬರ್ಲಿನ್ ಮುಟ್ಟಿದರು. ಹೋಗಿದ್ದು ಒಂದೇ ಬೇಡಿಕೆ ಹಿಡಿದು, 'ಭಾರತ ಸ್ವತಂತ್ರವಾಗಬೇಕು ಅಂತ ಬಹಿರಂಗವಾಗಿ ಘೋಷಿಸಿ'. ಹಿಟ್ಲರ್‌ನ ಭೇಟಿ ಸಿಕ್ಕಿದ್ದೇ ಒಂದು ವರ್ಷ ಕಾದ ಮೇಲೆ, 1942ರ ಮೇ 29ಕ್ಕೆ. ಆ ಘೋಷಣೆಗೆ ಅವನು ಒಪ್ಪಲಿಲ್ಲ. ಅವನು ಮೊದಲೇ ಬರೆದಿಟ್ಟಿದ್ದ ಪುಸ್ತಕದಲ್ಲಿ ನಮ್ಮ ಸ್ವಾತಂತ್ರ್ಯ ಹೋರಾಟಗಾರರ ಬಗ್ಗೆ ಇರೋದು ತಾತ್ಸಾರ, ಭಾರತ ಬೇರೆಯವರ ಕೈಗೆ ಹೋಗೋದಕ್ಕಿಂತ ಇಂಗ್ಲಿಷರ ಕೆಳಗೇ ಇರಲಿ ಅನ್ನೋ ಧಾಟಿ. ಬೋಸರು ಎದುರಿಗೇ ಆ ಮಾತು ಎತ್ತಿದ್ದರು. 1943ರ ಫೆಬ್ರವರಿಯಲ್ಲಿ ಕೀಲ್ ಬಂದರಿನಿಂದ ಹೊರಟ ಸಬ್‌ಮೆರೀನ್ ಹತ್ತಿದ್ದೇ ಇಲ್ಲಿ ಕೂತು ಇನ್ನು ಆಗುವುದಿಲ್ಲ ಅಂತ.

ಬೋಸರು ಅವನನ್ನು ಬಳಸಿಕೊಳ್ಳಲು ನೋಡಿದರು, ಅವನು ಬೋಸರನ್ನು. ಇದನ್ನು ಸ್ನೇಹ ಅಂತ ಕರೆಯಬೇಡಿ. ಬ್ರಿಟಿಷರಿಗೆ ಶತ್ರು ಅಂದ ಮಾತ್ರಕ್ಕೆ ನಮಗೆ ನೆಂಟನೇ? ಯಹೂದಿಗಳನ್ನು 60 ಲಕ್ಷ ಕೊಂದವನ ಬಗ್ಗೆ ಮಾತಾಡುತ್ತಿದ್ದೇವೆ ಅನ್ನೋದು ನೆನಪಿರಲಿ. ಹುಡುಗ ಅಲ್ಲಿಗೆ ಓದಲು ಹೋಗುತ್ತಿದ್ದಾನೆ, ಈ 'ಹಿಟ್ಲರ್ ಒಳ್ಳೆಯವನು' ಪ್ರಸಂಗವನ್ನು ಅಲ್ಲಿ ಕ್ಯಾಂಟೀನಿನಲ್ಲಿ ತೆಗೆದರೆ ಮಾರನೇ ದಿನದಿಂದ ಪಕ್ಕ ಯಾರೂ ಕೂರುವುದಿಲ್ಲ.

ಲುಫ್ತಾನ್ಸಾ ಬಗ್ಗೆ ಯಾರೂ ಹೇಳಿಲ್ಲ. ಲುಫ್ಟ್ ಅಂದರೆ ಗಾಳಿ. ಹಾನ್ಸಾ ಅಂದರೆ ಲ್ಯೂಬೆಕ್, ಹ್ಯಾಂಬರ್ಗ್, ಬ್ರೆಮೆನ್ ಮುಂತಾದ ಊರುಗಳ ವ್ಯಾಪಾರಿಗಳು ಮಧ್ಯಯುಗದಲ್ಲಿ ಕಟ್ಟಿಕೊಂಡಿದ್ದ ಕೂಟ. ಹೆಸರು 1926ರದ್ದು. ಬಾಲದ ಮೇಲಿನ ಹಕ್ಕಿ ಹಂಸ ಅಲ್ಲ, ಕೊಕ್ಕರೆ ಜಾತಿಯದ್ದು, ಅದನ್ನು 1918ರಲ್ಲೇ ಇನ್ನೊಂದು ಕಂಪನಿಗೆ ಬರೆದುಕೊಟ್ಟಿದ್ದರು. ಮಾವನಿಗೆ ಪೂರ್ತಿ ಬೇಜಾರು ಆಗಬಾರದು ಅಂತ ಒಂದು ನಿಜವಾದ ನೆಂಟಸ್ತಿಕೆ ಕೊಡುತ್ತೇನೆ. ಜರ್ಮನ್‌ನಲ್ಲಿ ಬಾತುಕೋಳಿ ಜಾತಿಯ ದೊಡ್ಡ ಹಕ್ಕಿಗೆ 'ಗಾನ್ಸ್' ಅನ್ನುತ್ತಾರೆ. ಆ ಗಾನ್ಸ್ ಮತ್ತು ಸಂಸ್ಕೃತದ ಹಂಸ ಎರಡೂ ಒಂದೇ ಹಳೆಯ ಬೇರಿನಿಂದ ಬಂದ ಪದಗಳು, ಇದು ಭಾಷಾ ವಿದ್ವಾಂಸರು ಒಪ್ಪಿದ ಮಾತು. ಹಂಸ ಇದೆ, ವಿಮಾನದಲ್ಲಿ ಇಲ್ಲ ಅಷ್ಟೇ.


ಲೈಪ್‌ಜಿಗ್_ಅಕ್ಕ

ಸೀನ ಅವರೇ, ಸ್ವಸ್ತಿಕದ ಬಗ್ಗೆ ನೀವು ಹೇಳಿದ್ದು ಹಾಗೆ ಬಿಟ್ಟರೆ ಹುಡುಗ ಸಿಕ್ಕಿಹಾಕಿಕೊಳ್ಳುತ್ತಾನೆ. ಓರೆ, ನೆಟ್ಟಗೆ ಅನ್ನೋದು ಕಾನೂನಿನ ಅಳತೆ ಅಲ್ಲ. ಇಲ್ಲಿನ ದಂಡಸಂಹಿತೆ 86ಎ ಕಲಂ ಹೇಳೋದು, ನಾಜಿಗಳಂಥ ನಿಷೇಧಿತ ಸಂಘಟನೆಗಳ ಗುರುತನ್ನು ಸಾರ್ವಜನಿಕವಾಗಿ ಬಳಸುವಂತಿಲ್ಲ ಅಂತ. ನೋಡಿದರೆ ಅದೇ ಅನ್ನಿಸುವಷ್ಟು ಹೋಲುವ ಗುರುತಿಗೂ ಅದು ಅನ್ವಯ. ಪಾಠ, ಸಂಶೋಧನೆ, ಕಲೆ ಇವಕ್ಕೆ ವಿನಾಯಿತಿ ಇದೆ. 2007ರಲ್ಲಿ ಒಂದು ಕೇಸು ಮೇಲಿನ ಕೋರ್ಟಿನವರೆಗೆ ಹೋಗಿತ್ತು, ಆ ಗುರುತಿಗೆ ಅಡ್ಡಗೆರೆ ಎಳೆದು ನಾಜಿಗಳನ್ನು ವಿರೋಧಿಸುವ ಬ್ಯಾಡ್ಜ್ ಮಾರಿದ್ದೂ ತಪ್ಪೇ ಅಂತ. ತಪ್ಪಲ್ಲ ಅಂತ ತೀರ್ಪಾಯಿತು.

ನಮ್ಮ ದೇವರ ಮನೆಯ ಸ್ವಸ್ತಿಕ ಆ ಗುರುತೇ ಅಲ್ಲ. ಇವರು ಅದನ್ನು ಕರೆಯೋದೂ 'ಹಾಕೆನ್‌ಕ್ರಾಯ್ಟ್ಸ್' ಅಂತ, ಕೊಕ್ಕೆ ಶಿಲುಬೆ ಅಂತ ಅರ್ಥ. ಅದೇ 2007ರಲ್ಲಿ ಯುರೋಪಿಗೆಲ್ಲ ಸೇರಿ ನಿಷೇಧ ತರಲು ಜರ್ಮನಿ ಹೊರಟಾಗ ಬ್ರಿಟನ್ನಿನ ಹಿಂದೂ ಸಂಘಟನೆಗಳು ಗಲಾಟೆ ಮಾಡಿದವು, ಆ ಭಾಗ ಕೈಬಿಟ್ಟರು. ಹಾಗಾಗಿ ಗಣಪನ ಪೀಠ ಸೂಟ್‌ಕೇಸಲ್ಲಿ ಬರಲಿ, ಕೋಣೆಯಲ್ಲಿ ಇರಲಿ, ಅಮ್ಮನಿಗೆ ಸಮಾಧಾನ ಹೇಳಿ. ಆದರೆ ಬಾಗಿಲ ಹೊರಗೆ, ಸೈಕಲ್ ಮೇಲೆ, ಲ್ಯಾಪ್‌ಟಾಪ್ ಹಿಂದೆ ಅಂಟಿಸಬೇಡಿ. ಕೋರ್ಟಿಗೆ ಹೋದರೆ ನೀವೇ ಗೆಲ್ಲಬಹುದು, ಆದರೆ ಮೆಟ್ಟಿಲ ಮೇಲೆ ಎದುರಾದ ಮುದುಕರಿಗೆ ಅದನ್ನು ನೋಡಿದಾಗ ಏನು ನೆನಪಾಗುತ್ತೆ ಅಂತ ಯೋಚಿಸಿ. ನಾನು ಯುಗಾದಿಗೆ ಬಾಗಿಲಿಗೆ ರಂಗೋಲಿ ಹಾಕ್ತೀನಿ, ಸ್ವಸ್ತಿಕ ಮಾತ್ರ ಒಳಗೆ.

ಈಗ ನಮ್ಮ ಮಾವಂದಿರಿಗೆ ಗೊತ್ತಿಲ್ಲದ, ಜರ್ಮನ್ನರೇ ತಪ್ಪು ತಿಳಿದಿರುವ ಕೆಲವು ಕಾನೂನು. ಇವುಗಳಿಂದಲೇ ದುಡ್ಡು ಹೋಗೋದು.

ಕೊಂಡ ಸಾಮಾನನ್ನು 14 ದಿನದೊಳಗೆ ವಾಪಸ್ ಕೊಡಬಹುದು ಅಂತ ಎಲ್ಲರೂ ಹೇಳ್ತಾರೆ. ಅದು ಆನ್‌ಲೈನ್‌ನಲ್ಲಿ ತರಿಸಿದ್ದಕ್ಕೆ. ಅಂಗಡಿಗೆ ಹೋಗಿ ನೋಡಿ ಕೊಂಡ ಜಾಕೆಟ್ ಇಷ್ಟ ಆಗಲಿಲ್ಲ ಅಂದರೆ ವಾಪಸ್ ತಗೊಳ್ಳೋದು ಅಂಗಡಿಯವರ ದೊಡ್ಡ ಮನಸ್ಸು, ನಮ್ಮ ಹಕ್ಕಲ್ಲ. ಸಾಮಾನು ಕೆಟ್ಟಿದ್ದರೆ ಮಾತು ಬೇರೆ, ಎರಡು ವರ್ಷ ಅಂಗಡಿಯವರದ್ದೇ ಹೊಣೆ.

ಮನೆ ಬಿಡುವಾಗ ಮೂರು ಜನ ಹೊಸ ಬಾಡಿಗೆದಾರರನ್ನು ತಂದು ತೋರಿಸಿದರೆ ನೋಟಿಸ್ ಅವಧಿ ಇಲ್ಲದೇ ಹೊರಡಬಹುದು ಅಂತ ಒಂದು ಮಾತಿದೆ. ನಾನು ನಂಬಿದೆ. ಮೂರಲ್ಲ, ಐದು ಜನ ಕರೆದುಕೊಂಡು ಹೋದೆ, ಟೀ ಕೊಟ್ಟೆ. ಮಾಲೀಕರು ಎಲ್ಲರನ್ನೂ ನೋಡಿ ನಕ್ಕು, ಮೂರು ತಿಂಗಳ ಬಾಡಿಗೆ ಕೊಟ್ಟೇ ಹೋಗಿ ಅಂದರು. ಅವರದ್ದೇ ಸರಿ, ಅಂಥ ಕಾನೂನು ಇಲ್ಲವೇ ಇಲ್ಲ. ಅಡ್ವಾನ್ಸ್ ವಿಷಯದಲ್ಲಿ ಮಾತ್ರ ಕಾನೂನು ನಮ್ಮ ಕಡೆ. ಬೆಂಗಳೂರಿನ ಹಾಗೆ ಹತ್ತು ತಿಂಗಳದ್ದು ಕೇಳುವ ಹಾಗಿಲ್ಲ, ಮೂರು ತಿಂಗಳ 'ತಣ್ಣನೆ ಬಾಡಿಗೆ'ಗಿಂತ ಜಾಸ್ತಿ ಇಲ್ಲ, ಅದನ್ನೂ ಮೂರು ಕಂತಿನಲ್ಲಿ ಕೊಡಬಹುದು. ತಣ್ಣನೆ ಅಂದರೆ ಹೀಟಿಂಗ್, ನೀರು ಎಲ್ಲ ಬಿಟ್ಟು ಬರೀ ಮನೆಯದ್ದು. ಜಾಹೀರಾತಿನಲ್ಲಿ ತಣ್ಣನೆ ಬಾಡಿಗೆ ನೋಡಿ ಅಗ್ಗ ಅಂತ ಕುಣಿಯಬೇಡಿ, ಕೊಡೋದು ಬಿಸಿ ಬಾಡಿಗೆ.

ಟಿವಿ ಇಲ್ಲ, ಹಾಗಾಗಿ ಟಿವಿ ಶುಲ್ಕ ಬೇಡ ಅಂತ ಬಂದ ಪತ್ರವನ್ನು ಕಸಕ್ಕೆ ಹಾಕುವವರು ಬಹಳ. 2013ರಿಂದ ಅದು ಟಿವಿಗಲ್ಲ, ಮನೆಗೆ. ತಿಂಗಳಿಗೆ 18.36 ಯೂರೋ. ಒಂದು ಮನೆಯಲ್ಲಿ ನಾಲ್ಕು ಜನ ಹಂಚಿಕೊಂಡಿದ್ದರೆ ನಾಲ್ವರೂ ಕಟ್ಟಬೇಕಿಲ್ಲ, ಒಬ್ಬರು ಕಟ್ಟಿ ಪಾಲು ಹಾಕಿಕೊಂಡರಾಯಿತು.

ಊರಿನ ಡ್ರೈವಿಂಗ್ ಲೈಸೆನ್ಸ್ ಇಲ್ಲಿ ವಾಸಕ್ಕೆ ಬಂದ ಮೇಲೆ ಆರು ತಿಂಗಳು ಮಾತ್ರ ನಡೆಯುತ್ತೆ. ಇಂಟರ್‌ನ್ಯಾಷನಲ್ ಪರ್ಮಿಟ್ ಇದೆಯಲ್ಲ ಅಂತ ವಾದ ಮಾಡಿದರೂ ಅಷ್ಟೇ. ಕೆಂಪು ದೀಪದಲ್ಲಿ ನಡೆದು ದಾಟಿದರೆ ಜೈಲಿಲ್ಲ, 5 ಯೂರೋ ದಂಡ. ಸೈಕಲ್‌ನಲ್ಲಿ ದಾಟಿದರೆ 60. ಕಟ್ಟಡ ಕೆಲಸದ ಜಾಗದಲ್ಲಿ 'ಮಕ್ಕಳು ಮಾಡಿದ್ದಕ್ಕೆ ತಂದೆತಾಯಿ ಹೊಣೆ' ಅಂತ ಎಲ್ಲೆಲ್ಲೂ ಬೋರ್ಡ್ ಕಾಣುತ್ತೆ, ಅದೂ ಪೂರ್ತಿ ನಿಜ ಅಲ್ಲ, ತಂದೆತಾಯಿ ನೋಡಿಕೊಳ್ಳುವುದರಲ್ಲಿ ತಪ್ಪಿದ್ದರೆ ಮಾತ್ರ ಹೊಣೆ.

ನಂಬಲಾರದ ಆದರೆ ನಿಜವಾದ ಒಂದು: ಇಲ್ಲಿ ಜೈಲಿನಿಂದ ಓಡಿಹೋಗೋದು ತಾನಾಗಿಯೇ ಅಪರಾಧ ಅಲ್ಲ. ಮನುಷ್ಯನಿಗೆ ಬಿಡುಗಡೆಯ ಆಸೆ ಸಹಜ ಅಂತ ಬಿಟ್ಟಿದ್ದಾರೆ. ಕಿಟಕಿ ಮುರಿದರೆ, ಕಾವಲುಗಾರನಿಗೆ ಹೊಡೆದರೆ ಅದಕ್ಕೆ ಕೇಸು. ಓಡಲು ಸಹಾಯ ಮಾಡಿದವರಿಗೂ ಶಿಕ್ಷೆ. ಸಿಕ್ಕಿದರೆ ಉಳಿದ ದಿನ ಹೇಗೂ ಒಳಗೇ.


ಕುಡ್ಲ_ಕರಾವಳಿ

ಮಾರಾಯ್ರೇ, ದುಡ್ಡು ಹೋಗುವ ಮಾತು ಬಂತು, ನಮ್ಮವರು ಬೀಳುವ ದೊಡ್ಡ ಗುಂಡಿ ಯಾರೂ ಹೇಳಲಿಲ್ಲ. ಮಂಗಳೂರಿನ ಕ್ಯಾಥೊಲಿಕ್ ಹುಡುಗರು ಇಲ್ಲಿಗೆ ಬಂದು ನಗರ ಕಚೇರಿಯಲ್ಲಿ ವಿಳಾಸ ನೋಂದಾಯಿಸುವಾಗ ಧರ್ಮದ ಜಾಗದಲ್ಲಿ ರೋಮನ್ ಕ್ಯಾಥೊಲಿಕ್ ಅಂತ ಬರೆಯುತ್ತಾರೆ. ಊರಲ್ಲಿ ಫಾರ್ಮ್ ತುಂಬಿದ ಹಾಗೆ, ಏನೂ ಯೋಚನೆ ಇಲ್ಲ. ಕೆಲಸ ಸಿಕ್ಕಿದ ಮೇಲೆ ಸಂಬಳದ ಚೀಟಿಯಲ್ಲಿ ಚರ್ಚ್ ತೆರಿಗೆ ಅಂತ ಒಂದು ಸಾಲು. ಬವೇರಿಯಾ ಮತ್ತು ಬಾಡೆನ್-ವ್ಯೂರ್ಟೆಂಬೆರ್ಗ್‌ನಲ್ಲಿ 8 ಶೇಕಡಾ, ಬೇರೆ ಕಡೆ 9. ಇದನ್ನು ಕೇಳಿದವರು ಸಂಬಳದ 9 ಶೇಕಡಾ ಅಂತ ಎದೆ ಹಿಡಿದುಕೊಳ್ಳುತ್ತಾರೆ, ಅದೂ ತಪ್ಪು. ಆದಾಯ ತೆರಿಗೆ ಎಷ್ಟು ಬರುತ್ತದೋ ಅದರ ಮೇಲೆ 9. ವಿದ್ಯಾರ್ಥಿಗೆ ಆದಾಯ ತೆರಿಗೆ ಇಲ್ಲದಿದ್ದರೆ ಇದೂ ಇಲ್ಲ. ನಾನು ಗೊತ್ತಿದ್ದೇ ಕೊಡ್ತೇನೆ, ನಮ್ಮ ಇಗರ್ಜಿ ನಡೆಯಬೇಕಲ್ಲ, ಆದರೆ ಗೊತ್ತಿಲ್ಲದೆ ಕೊಡೋದು ಬೇರೆ.

ಇನ್ನೊಂದು, ಬಾಸೆಲ್ ಮಿಷನ್ ಜರ್ಮನ್ ಮಿಷನ್ ಅಂತ ನಮ್ಮೂರಲ್ಲಿ ಎಲ್ಲರೂ ಹೇಳುತ್ತಾರೆ. ಬಾಸೆಲ್ ಇರೋದು ಸ್ವಿಟ್ಜರ್ಲೆಂಡ್‌ನಲ್ಲಿ ಮಾರಾಯ್ರೇ. ಬಂದ ಪಾದ್ರಿಗಳಲ್ಲಿ ಬಹಳ ಜನ ಜರ್ಮನ್ ಮಾತಾಡುವವರು, ಅದು ನಿಜ. ಆದರೆ ಅವರನ್ನೂ ಜರ್ಮನಿ ದೇಶದವರು ಅನ್ನುವ ಹಾಗಿಲ್ಲ, ಯಾಕಂದ್ರೆ ಆ ದೇಶ ಹುಟ್ಟಿದ್ದೇ 1871ರಲ್ಲಿ. ಆ ಮಿಷನ್ನಿನ ಪಾದ್ರಿ ಮೋಗ್ಲಿಂಗ್ 1843ರಲ್ಲಿ 'ಮಂಗಳೂರ ಸಮಾಚಾರ' ಪತ್ರಿಕೆ ಅಚ್ಚು ಹಾಕುವಾಗ ಅವರು ವ್ಯೂರ್ಟೆಂಬೆರ್ಗ್ ರಾಜನ ಪ್ರಜೆ. ನಮ್ಮ ನಿಘಂಟಿನ ಕಿಟ್ಟೆಲ್ 1832ರಲ್ಲಿ ಹುಟ್ಟಿದ ಊರು ಉತ್ತರದ ಕಡಲ ಬದಿಯದ್ದು, ಆಗ ಹನೋವರ್ ರಾಜ್ಯ. ನಿಘಂಟು 1894ರಲ್ಲಿ ಅಚ್ಚಾಗುವ ಹೊತ್ತಿಗೆ ಅಲ್ಲಿ ರಾಜನೂ ಇಲ್ಲ, ರಾಜ್ಯವೂ ಇಲ್ಲ. ನೂರಾರು ವರ್ಷದಿಂದ ಒಂದೇ ಗಟ್ಟಿ ದೇಶ ಜರ್ಮನಿ ಅಂತ ನಾವು ಕಲ್ಪನೆ ಮಾಡಿಕೊಳ್ಳುತ್ತೇವೆ. ಈಗಲೂ ನೋಡಿ, ಬವೇರಿಯಾದವರ ಚರ್ಮದ ಚಡ್ಡಿ, ಬಿಯರ್ ಹಬ್ಬ ಎರಡನ್ನೂ ಇಡೀ ದೇಶದ್ದು ಅಂದುಕೊಳ್ಳುತ್ತೇವೆ. ಹ್ಯಾಂಬರ್ಗ್‌ನವನಿಗೆ ನೀವು ಚರ್ಮದ ಚಡ್ಡಿ ಹಾಕಲ್ವಾ ಅಂತ ಕೇಳೋದು ಬೀದರ್‌ನವರಿಗೆ ನೀವು ಯಕ್ಷಗಾನ ಕುಣಿಯಲ್ವಾ ಅಂತ ಕೇಳಿದ ಹಾಗೆ.


ದಾವಣಗೆರೆ_ಬೆಣ್ಣೆ

ಎಲ್ಲರಿಗೂ ತುಂಬ ಥ್ಯಾಂಕ್ಸ್. ಅಮ್ಮನಿಗೆ ಲೈಪ್‌ಜಿಗ್ ಅಕ್ಕ ಬರೆದದ್ದನ್ನು ಓದಿ ಹೇಳಿದೆ, ಪೀಠ ಸೂಟ್‌ಕೇಸಿಗೆ ಹೋಯಿತು, ಜೊತೆಗೆ ಇನ್ನೂ ಎರಡು ದೇವರು ಹೋದರು. ಓದು ಫ್ರೀ, ಆಸ್ಪತ್ರೆ ಫ್ರೀ, ಮಗು ಪಾಸ್‌ಪೋರ್ಟ್ ಇವು ಉಳಿದವು. ಫ್ರೀ ಅಂದ ಮೇಲೆ ಬ್ಯಾಂಕಿಗೆ 11,904 ಯೂರೋ ಫೀಸ್ ಯಾಕೆ ಕಟ್ಟಿಸಿಕೊಂಡರು ಅಂತ ಅಪ್ಪ ಕೇಳ್ತಿದ್ದಾರೆ.


ಸ್ಟುಟ್‌ಗಾರ್ಟ್_ಸೀನ

ಮೊದಲು, ಅಕ್ಕ ಹೇಳಿದ್ದು ಸರಿ, ಸ್ವಸ್ತಿಕದ ಬಗ್ಗೆ ನಾನು ಬೀಸಿಬಿಟ್ಟಿದ್ದೆ.

ಅಪ್ಪನಿಗೆ ಹೇಳಿ, ಅದು ಫೀಸ್ ಅಲ್ಲ, ನಿಮ್ಮದೇ ದುಡ್ಡು. ಒಂದು ವರ್ಷ ಊಟ, ಬಾಡಿಗೆಗೆ ನಿಮ್ಮ ಹತ್ತಿರ ಇದೆ ಅಂತ ತೋರಿಸಲು ಇಡಿಸ್ತಾರೆ. ಬಂದ ಮೇಲೆ ತಿಂಗಳಿಗೆ 992ರ ಹಾಗೆ ನಿಮಗೇ ವಾಪಸ್ ಬರುತ್ತೆ. ಓದಿನ ಫೀಸ್ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬಹುತೇಕ ಇಲ್ಲ, ಸೆಮಿಸ್ಟರ್‌ಗೆ ಒಂದು ಸಣ್ಣ ವಂತಿಗೆ ಇರುತ್ತೆ. ಆದರೆ ಎಲ್ಲ ರಾಜ್ಯಕ್ಕೂ ಒಂದೇ ನಿಯಮ ಅಂದುಕೊಳ್ಳಬೇಡಿ. ನಾನಿರುವ ಬಾಡೆನ್-ವ್ಯೂರ್ಟೆಂಬೆರ್ಗ್‌ನಲ್ಲಿ 2017ರಿಂದ ಯುರೋಪಿನ ಹೊರಗಿನವರಿಗೆ ಸೆಮಿಸ್ಟರ್‌ಗೆ 1,500 ಯೂರೋ. ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯ 2024ರ ಚಳಿಗಾಲದಿಂದ ಹೊರಗಿನವರಿಗೆ ಮಾಸ್ಟರ್ಸ್‌ಗೆ ಸೆಮಿಸ್ಟರ್‌ಗೆ 4,000ದಿಂದ 6,000 ತಗೋತಿದೆ. ಡ್ರೆಸ್ಡನ್ ಸೀಟು ಸಿಕ್ಕಿದ್ದು ನಿಮ್ಮ ಪುಣ್ಯ. ಕೆಲಸ ಮಾಡಿ ಸಂಪಾದಿಸ್ತೀನಿ ಅಂತ ಬರುವವರಿಗೂ ಮಿತಿ ಇದೆ, ವರ್ಷಕ್ಕೆ 140 ಪೂರ್ತಿ ದಿನ ಇಲ್ಲವೇ 280 ಅರ್ಧ ದಿನ.

ಆಸ್ಪತ್ರೆ ಫ್ರೀ ಅಲ್ಲ, ಮೊದಲೇ ಕಟ್ಟಿರುತ್ತೀರಿ. ಇನ್ಶೂರೆನ್ಸ್ ಇಲ್ಲದೆ ಕಾಲೇಜಿಗೆ ಸೇರಿಸಿಕೊಳ್ಳೋದೇ ಇಲ್ಲ, ವಿದ್ಯಾರ್ಥಿಗೆ ತಿಂಗಳಿಗೆ ನೂರು ಯೂರೋ ಮೇಲೇ ಹೋಗುತ್ತೆ. ಸಂಬಳ ಬಂದ ಮೇಲೆ 14.6 ಶೇಕಡಾ, ಮೇಲೊಂದಿಷ್ಟು, ಅದರಲ್ಲಿ ಅರ್ಧ ಕಂಪನಿಯದ್ದು. ಈ ಪದ್ಧತಿ ಶುರುವಾಗಿದ್ದು ಬಿಸ್ಮಾರ್ಕ್ ಕಾಲದಲ್ಲಿ, 1883ರಲ್ಲಿ, ಮೇಷ್ಟ್ರು ಜಾಸ್ತಿ ಹೇಳಬಲ್ಲರು.

ಮಗು ವಿಷಯ, ಅಮೆರಿಕದ ಕಥೆಯನ್ನು ಜರ್ಮನಿಗೆ ಅಂಟಿಸಿದ್ದಾರೆ. ಇಲ್ಲಿ ಹುಟ್ಟಿದರೆ ಸಾಲದು. ತಂದೆ ತಾಯಿಯಲ್ಲಿ ಒಬ್ಬರಾದರೂ ಐದು ವರ್ಷದಿಂದ ಕಾನೂನು ಪ್ರಕಾರ ಇಲ್ಲಿದ್ದು, ಖಾಯಂ ವಾಸದ ಹಕ್ಕು ಇರಬೇಕು. ನಿಮ್ಮ ಅಕ್ಕ ಹೋದ ವರ್ಷ ಬಂದವರು, ಭಾವನೂ ಆಗಲೇ ಬಂದಿದ್ದರೆ ಮಗು ಭಾರತೀಯ ಪಾಸ್‌ಪೋರ್ಟಿನದ್ದೇ. ಮತ್ತೆ 2024ರ ಜೂನ್ 27ರಿಂದ ಜರ್ಮನಿ ಎರಡು ಪೌರತ್ವ ಒಪ್ಪುತ್ತೆ ಅಂತ ಸುದ್ದಿ ಬಂದಾಗ ನಮ್ಮ ಗ್ರೂಪಿನಲ್ಲಿ ಸ್ವೀಟ್ ಹಂಚಿದ್ದರು. ಜರ್ಮನಿ ಒಪ್ಪುತ್ತೆ ಸ್ವಾಮಿ, ಭಾರತ ಒಪ್ಪಲ್ಲ. ಇಲ್ಲಿನದ್ದು ತಗೊಂಡರೆ ಅಲ್ಲಿನದ್ದು ಒಪ್ಪಿಸಬೇಕು.


ದಾವಣಗೆರೆ_ಬೆಣ್ಣೆ

ಸರಿ ಅಣ್ಣ. ಕೊನೇ ಪ್ರಶ್ನೆ. ರೂಮ್ ಸಿಕ್ಕಿದೆ, ವಿಳಾಸ ಕಳಿಸಿದ್ದಾರೆ, ಆದರೆ ಅದರಲ್ಲಿ ರಸ್ತೆ ಹೆಸರು, ಬಿಲ್ಡಿಂಗ್ ನಂಬರ್ ಮಾತ್ರ ಇದೆ. ಫ್ಲಾಟ್ ನಂಬರ್ ಇಲ್ಲ, ಮಹಡಿ ಇಲ್ಲ, 'ಎದುರು ಗಣೇಶ ದೇವಸ್ಥಾನ' ತರಹದ ಗುರುತೂ ಇಲ್ಲ. ಇದು ಮೋಸ ಇರಬಹುದಾ?


ಲೈಪ್‌ಜಿಗ್_ಅಕ್ಕ

ವಿಳಾಸ ಸರಿಯಾಗೇ ಇದೆ, ಆದರೆ ಮೋಸ ಅಲ್ಲ ಅನ್ನಲು ಅಷ್ಟೇ ಸಾಲದು, ಮನೆ ನೋಡದೇ ದುಡ್ಡು ಮಾತ್ರ ಕಳಿಸಬೇಡಿ. ಇಲ್ಲಿ ಬಹಳ ಕಡೆ ಫ್ಲಾಟಿಗೆ ನಂಬರೇ ಇರಲ್ಲ. ಪೋಸ್ಟಿನವರು ನೋಡೋದು ಡಬ್ಬಿಯ ಮೇಲಿನ ಹೆಸರು. 2018ರಲ್ಲಿ ಡೇಟಾ ರಕ್ಷಣೆಯ ಹೊಸ ಕಾನೂನಿನಿಂದ ಬೆಲ್ ಮೇಲೆ ಹೆಸರು ಹಾಕುವ ಹಾಗಿಲ್ಲ ಅಂತ ಇಡೀ ದೇಶಕ್ಕೆ ಪುಕಾರು ಹಬ್ಬಿತ್ತು, ಕೊನೆಗೆ ಸರ್ಕಾರದ ಡೇಟಾ ರಕ್ಷಣೆ ಅಧಿಕಾರಿಯೇ ತೆಗೆಯಬೇಕಿಲ್ಲ ಅಂತ ಹೇಳಬೇಕಾಯಿತು.

ನಮ್ಮವರಿಗೆ ಇಲ್ಲೊಂದು ತೊಡಕಿದೆ. ಊರಲ್ಲಿ ಎಲ್ಲರೂ ಕರೆಯೋದು ಒಂದು ಹೆಸರು, ಪಾಸ್‌ಪೋರ್ಟಿನ ಸರ್‌ನೇಮ್ ಜಾಗದಲ್ಲಿ ಅಪ್ಪನ ಹೆಸರೋ ಊರಿನ ಹೆಸರೋ ಇರುತ್ತೆ. ಬ್ಯಾಂಕ್, ಇನ್ಶೂರೆನ್ಸ್, ವೀಸಾ ಕಚೇರಿ ಎಲ್ಲ ಪತ್ರ ಬರೋದು ಆ ಹೆಸರಿಗೆ. ನನ್ನ ಡಬ್ಬಿ ಮೇಲೆ ನಾನು ಬರೀ ನನ್ನ ಹೆಸರು ಬರೆದಿದ್ದೆ, ಪತ್ರಗಳು ನನ್ನ ಅಪ್ಪನ ಹೆಸರಿಗೆ ಬರುತ್ತಿದ್ದವು. 'ಇಂಥವರು ಇಲ್ಲಿಲ್ಲ' ಅಂತ ಎಲ್ಲ ವಾಪಸ್. ಬ್ಯಾಂಕ್ ಕಾರ್ಡ್ ಎರಡು ಸಲ ಹೋಗಿ ಬಂತು. ಅದಕ್ಕೇ ಕೋಣೆಗೆ ಹೋದ ದಿನವೇ ಪಾಸ್‌ಪೋರ್ಟಿನಲ್ಲಿ ಇರುವ ಹಾಗೆ ಎರಡೂ ಹೆಸರು ಬರೆದು ಡಬ್ಬಿಗೂ ಬೆಲ್ಲಿಗೂ ಅಂಟಿಸಿ. ಎರಡು ವಾರದೊಳಗೆ ನಗರ ಕಚೇರಿಯಲ್ಲಿ ವಿಳಾಸ ನೋಂದಣಿ ಆಗಬೇಕು, ಅದಕ್ಕೆ ಮನೆ ಮಾಲೀಕರ ಸಹಿ ಇರುವ ಚೀಟಿ ಬೇಕು, ಬೀಗದಕೈ ತಗೊಳ್ಳುವಾಗಲೇ ಕೇಳಿ ಇಸ್ಕೊಳ್ಳಿ. ಸೆಲ್ಲೋ ಟೇಪ್ ಊರಿಂದಲೇ ತನ್ನಿ, ನೀವು ಇಳಿಯೋದು ಭಾನುವಾರ ಆದರೆ ಕಷ್ಟ.